ಹೆಸರಿನ ಬೆನ್ನಿಗೊಂದು ಮಾತು

ಯೆಹೂದಿಗಳ ಪ್ರಾರ್ಥನಾಮಂದಿರವಾದ ಶುಲ್‌ನ ಮೇಲಿನ ಅಟ್ಟದಲ್ಲಿ, ಹೆಂಗಸರ ಮೊದಲ ಬೆಂಚಿನಲ್ಲಿ ಕುಳಿತ ಗಿಟೆಲ್ ಕಟಕಟೆಗೆ ಎದೆ ಆನಿಸಿ ಕೆಳಗೆ ಬಗ್ಗಿ ನೋಡುತ್ತಿದ್ದಳು. ಕೆಳಗೆ ಗಂಡಸರ ನಡುವೆ ಅವಳ ಮಗ ಹೆರ್ಶೆಲ್ ಧರ್ಮಗ್ರಂಥ ತೋರಾದ ಸುರುಳಿಯ ಮುಂದೆ ನಿಂತಿದ್ದ. ಪ್ರಾರ್ಥನೆಯ ಶಾಲು ಹೆಗಲಿಂದ ಜಾರಿದಾಗಲೆಲ್ಲ ಮೊಣಕೈಯಿಂದಲೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ಮೂವತ್ತು ದಾಟಿ ಅಪ್ಪನಾದರೂ ಆ ಚಾಳಿ ಹೋಗಲಿಲ್ಲವಲ್ಲ ಎಂದು ಗಿಟೆಲ್‌ಗೆ ನಗು ಬಂತು.

"ಅಷ್ಟು ಬಗ್ಗಬೇಡ್ವೇ. ಬಿದ್ದುಗಿದ್ದರೆ ಹೆಸರಿಡೋ ದಿನಾನೇ ಸೂತಕ ಆದೀತು," ಎಂದು ಪಕ್ಕದಲ್ಲಿದ್ದ ಬ್ರೈನಾ ಅವಳ ಉಡುಪಿನ ನಡುಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಪೋಲೆಂಡಿನ ಒಂದೇ ಊರಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದೇ ಹಡಗಿನಲ್ಲಿ ಮೆಲ್ಬರ್ನಿಗೆ ಬಂದು, ಒಂದೇ ಕಾರ್ಖಾನೆಯಲ್ಲಿ ಉಣ್ಣೆಯ ಬಟ್ಟೆ ಹೆಣೆದು ಮುದುಕಿಯರಾದವರು.

"ಮೊಮ್ಮಗಳಿಗೆ ಏನ್ ಹೆಸರಿಡ್ತಾರಂತೆ?" ಎಂದಳು ಹಿಂದಿನ ಬೆಂಚಿನವಳೊಬ್ಬಳು.

"ನಂಗೆಲ್ಲಿ ಹೇಳ್ತಾನೆ? ಶುಲ್‌ನಲ್ಲಿ ಕೂಗೋವರೆಗೂ ಹೇಳಬಾರದಂತೆ. ದೊಡ್ಡ ಶಾಸ್ತ್ರದೋನು, ಹಂದಿ ಮಾಂಸ ಮಾರೋ ಅಂಗಡಿ ಪಕ್ಕದಲ್ಲೇ ಮನೆ ಮಾಡಿದಾನೆ," ಎಂದು ಗಿಟೆಲ್ ಬೈದಳು. ಬೈಗುಳದಲ್ಲಿ ಹೆಮ್ಮೆಯೇ ಜಾಸ್ತಿ ಇತ್ತು. "ನಮ್ಮಮ್ಮನ ಹೆಸರೇ ಇರಬೇಕು. ದ್ವೋಯ್ರೆ, ಓಲೆಹಾ ಹಶೋಲೆಮ್. ಅವಳ ಹೆಸರು ಇನ್ನೂ ಯಾರಿಗೂ ಹೋಗಿಲ್ಲ."

ಬ್ರೈನಾ ಪ್ರಾರ್ಥನೆಯ ಪುಸ್ತಕದೊಳಗೆ ಮುಖ ಇಟ್ಟಳು.

ಕೆಳಗೆ ಓದುವವನ ಗಂಟಲು ದೊಡ್ಡದಾಯಿತು. ತಾಯಿಗೆ ಹಾರೈಕೆ, ಕೂಸಿಗೆ ಹಾರೈಕೆ. ಆಮೇಲೆ, "ಇಸ್ರೇಲಿನ ಮಕ್ಕಳ ನಡುವೆ ಈಕೆಯ ಹೆಸರು ಮಿರೆಲೆ ಎಂದಾಗಲಿ."

"ಮಝೆಲ್ ತೊವ್!" ಎಂದು ಶುಭ ಕೋರುತ್ತಾ ಗಂಡಸರು ಮೇಜು ಗುದ್ದಿದರು. ಮೇಲಿನಿಂದ ಹೆಂಗಸರು ಎಸೆದ ಮಿಠಾಯಿ ಪಟಪಟನೆ ನೆಲಕ್ಕೆ ಬಿತ್ತು. ಒಬ್ಬರಾದ ಮೇಲೊಬ್ಬರು ಬಂದು ಗಿಟೆಲ್‌ಳ ಕೆನ್ನೆಗೆ ಮುತ್ತಿಟ್ಟರು. ಬ್ರೈನಾ ಅಳುತ್ತಾ ಅವಳ ಕುತ್ತಿಗೆ ತಬ್ಬಿದಳು. "ಅವಳ ಹೆಸರು ಉಳೀತು ಕಣೇ. ಮಿರೆಲೆ ಹೆಸರು ಉಳೀತು. ಓಲೆಹಾ ಹಶೋಲೆಮ್."

"ಓಲೆಹಾ ಹಶೋಲೆಮ್," ಎಂದರು ಹಿಂದಿನ ಬೆಂಚಿನವರು.

ಅವಳಿಗೆ ಶಾಂತಿ ಇರಲಿ ಎಂದು ಆ ಮಾತಿನ ಅರ್ಥ; ಗಂಡಸಾದರೆ ಓಲೆವ್ ಹಶೋಲೆಮ್. ಸತ್ತವರ ಹೆಸರು ಬಾಯಿಗೆ ಬಂದರೆ ಅದರ ಬೆನ್ನಿಗೇ ಆ ಮಾತೂ ಬರಬೇಕು. ಯಾರೂ ಕಲಿಸಬೇಕಾಗಿಲ್ಲ, ಉಸಿರು ಬಂದ ಹಾಗೆ ಬರುತ್ತದೆ. ಗಿಟೆಲ್ ತನ್ನ ಅಪ್ಪ, ಅಮ್ಮ, ಅಣ್ಣಂದಿರು, ಮೊದಲನೇ ಗಂಡ ಲೇಯಿಬ್, ಎರಡನೇ ಗಂಡ ಝೆಲಿಗ್, ಎಲ್ಲರ ಹೆಸರಿಗೂ ಅದನ್ನು ಸೇರಿಸಿಯೇ ಮಾತಾಡುತ್ತಿದ್ದಳು. ಮಿರೆಲೆಯ ಹೆಸರೊಂದಕ್ಕೆ ಸೇರಿಸಿರಲಿಲ್ಲ. ಅವಳ ಎದುರಿನಲ್ಲಿ ಬೇರೆ ಯಾರೂ ಇಷ್ಟು ವರ್ಷ ಸೇರಿಸಿರಲಿಲ್ಲ.

ಗಿಟೆಲ್ ಬ್ರೈನಾಳ ಕೈಗಳನ್ನು ಕುತ್ತಿಗೆಯಿಂದ ಬಿಡಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಹೊರಗೆ ಮೆಲ್ಬರ್ನಿನ ಬೇಸಿಗೆ, ಜನವರಿಯ ಬಿಸಿಲು. ಬಡಗಣ ಗಾಳಿ ಒಲೆಯ ಬಾಯಿ ತೆರೆದ ಹಾಗೆ ಬೀಸುತ್ತಿತ್ತು. ಒಳಗೆ ತಿಂಡಿಯ ಮೇಜಿನ ಸುತ್ತ ಗದ್ದಲವೆದ್ದಿತ್ತು. ಉಪ್ಪು ಮೀನಿನ ವಾಸನೆ ಅಂಗಳದವರೆಗೂ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆರ್ಶೆಲ್ ತಟ್ಟೆಯಲ್ಲಿ ಕೇಕು ಹಿಡಿದು ಅವಳನ್ನು ಹುಡುಕಿಕೊಂಡು ಬಂದ. ಎರಡು ಗುಟುಕು ವಿಸ್ಕಿಗೇ ಕಿವಿ ಕೆಂಪಗಾಗಿತ್ತು.

"ಅಮ್ಮಾ, ಇಲ್ಲ್ಯಾಕೆ ನಿಂತಿದೀಯ? ಎಲ್ರೂ ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ ಅಂತಿದಾರೆ."

"ಯಾರು ಹೇಳಿದ್ರು ನಿಂಗೆ?"

"ಏನು?"

"ಅವಳು ಸತ್ತಳು ಅಂತ ಯಾರು ಹೇಳಿದ್ರು?"

ಹೆರ್ಶೆಲ್ ತಟ್ಟೆಯನ್ನು ಗೋಡೆಯ ಮೇಲಿಟ್ಟ. "ನಾನು ಹಾಗೆಲ್ಲಿ ಅಂದೆ?"

"ತುಂಬಿದ ಶುಲ್‌ನಲ್ಲಿ, ತೋರಾ ಮುಂದೆ ಕೂಗ್ಸಿದೀಯ. ಬದುಕಿರೋರ ಹೆಸರು ನಾವು ಮಕ್ಕಳಿಗಿಡ್ತೀವೇನೋ? ಯಾವ ಕಾಲದಲ್ಲಾದ್ರೂ ಇಟ್ಟಿದೀವಾ?"

"ಅಮ್ಮಾ, ನಲವತ್ತು ವರ್ಷ ಆಯ್ತು. ನಿಂಗೆ ಸಂತೋಷ ಆಗತ್ತೆ ಅಂತ ಮಾಡ್ದೆ. ಒಳಗೊಳಗೇ ಆಸೆ ಇದೆ, ಬಾಯಿಬಿಟ್ಟು ಕೇಳೋಕಾಗ್ತಿಲ್ಲ ಅಂತ..." ಅವನು ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಬ್ರೈನಾ ಕರವಸ್ತ್ರ ಹಿಂಡುತ್ತಾ ನಿಂತಿದ್ದಳು.

"ಬದಲಾಯ್ಸು," ಎಂದಳು ಗಿಟೆಲ್.

ಮಿರೆಲೆಗೆ ಆಗ ಮೂರು ವರ್ಷ. ಜರ್ಮನ್ ಸೈನಿಕರು ಊರಿನಿಂದ ಯೆಹೂದಿಗಳನ್ನು ಖಾಲಿ ಮಾಡಿಸುತ್ತಾರೆಂಬ ಸುದ್ದಿ ಬಂದಾಗ ಗಿಟೆಲ್ ಮಗಳನ್ನು ಸ್ತಾಶಾ ಎಂಬ ಹಾಲಿನವಳ ಮನೆಯಲ್ಲಿ ಬಿಟ್ಟಳು. ಹೊಳೆಯಾಚೆಯ ಹಳ್ಳಿ, ಒಂಟಿ ಹೆಂಗಸು, ಒಳ್ಳೆಯವಳು. ಮಗು ಅಳಲಿಲ್ಲ. ಸ್ತಾಶಾ ಕೈಗೆ ಕರುವಿನ ಹಗ್ಗ ಕೊಟ್ಟಿದ್ದಳು, ಅದರಲ್ಲೇ ಮೈಮರೆತಿತ್ತು. ಯುದ್ಧ ಮುಗಿದು ಗಿಟೆಲ್ ಅಲ್ಲಿಗೆ ಹೋದಾಗ ಮನೆ ಸುಟ್ಟು ಕರಿ ಗೋಡೆ ಮಾತ್ರ ಉಳಿದಿತ್ತು. ಒಬ್ಬ ಹೇಳಿದ, ಸ್ತಾಶಾ ಮೊದಲೇ ಗಾಡಿ ಕಟ್ಟಿಕೊಂಡು ಪಡುವಣಕ್ಕೆ ಹೋದಳು, ಮಡಿಲಲ್ಲಿ ಒಂದು ಹೆಣ್ಣುಮಗು ಇತ್ತು ಎಂದು. ಇನ್ನೊಬ್ಬ ಹೇಳಿದ, ಮಗು ಇರಲಿಲ್ಲ, ಮೂಟೆ ಇತ್ತು ಎಂದು. ಗಿಟೆಲ್ ಮೊದಲಿನವನ ಮಾತನ್ನು ತೆಗೆದುಕೊಂಡಳು.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲಕ್ಕೂ ಅವಳು ಮಿರೆಲೆಗೊಂದು ಸ್ವೆಟರ್ ಹೆಣೆಯುತ್ತಿದ್ದಳು, ಆ ವಯಸ್ಸಿನ ಅಳತೆಗೆ. ಹೊಸದು ಮುಗಿದ ಮೇಲೆ ಹಳೆಯದನ್ನು ಯಾರಾದರೂ ಬಡವರಿಗೆ ಕೊಡುತ್ತಿದ್ದಳು. ಮಗಳಿಗೆ ಇಪ್ಪತ್ತಾದ ಮೇಲೆ ಅಳತೆ ನಿಂತಿತು. ಮೂವತ್ತೈದು ದಾಟಿದಾಗ ಸೊಂಟದಲ್ಲಿ ಸ್ವಲ್ಪ ಅಗಲ ಮಾಡಿದಳು. "ಎರಡು ಮೂರಾದ್ರೂ ಹೆತ್ತಿರ್ತಾಳಲ್ಲ. ಮೈ ಬಂದಿರತ್ತೆ," ಎನ್ನುತ್ತಿದ್ದಳು. ಕಾರ್ಖಾನೆಯ ಹೆಂಗಸರು ನಗುತ್ತಿರಲಿಲ್ಲ. ಉಣ್ಣೆ ಮಿಕ್ಕಿದರೆ ಅವಳ ಮುಂದೆ ತಂದಿಡುತ್ತಿದ್ದರು.

ಸೋಮವಾರ ಗಿಟೆಲ್ ಕೋಳಿ ಸಾರಿನ ಪಾತ್ರೆ ಹಿಡಿದು ಮಗನ ಮನೆಗೆ ಹೋದಳು. ಬಾಣಂತಿ ಸೊಸೆ ರೀವಾ ಫ್ಯಾನಿನ ಮುಂದೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಗಿಟೆಲ್ ಕೂಸಿನ ಅಂಗಾಲು ಮುಟ್ಟಿ, "ಪುಟ್ಟೀ, ನನ್ನ ಪುಟ್ಟೀ, ಕೈನೆಹೊರೆ," ಎಂದು ದೃಷ್ಟಿ ತಾಕದ ಹಾಗೆ ಗಾಳಿಗೆ ಉಗಿದಳು. ಚೀಲದಿಂದ ಕೆಂಪು ದಾರ ತೆಗೆದು ತೊಟ್ಟಿಲ ಕಾಲಿಗೆ ಕಟ್ಟಿದಳು. ಆಮೇಲೆ ಇನ್ನೊಂದು ಕಾಲಿಗೂ ಕಟ್ಟಿದಳು.

"ಅತ್ತೆ, ಅವಳಿಗೊಂದು ಹೆಸರಿದೆ," ಎಂದಳು ರೀವಾ.

"ಇರ್ಲಿ. ನನ್ನ ಬಾಯಲ್ಲಿ ಪುಟ್ಟಿ."

"ಎಷ್ಟು ದಿನ ಪುಟ್ಟಿ? ಮದುವೆ ಆಗೋವರೆಗೂನಾ?"

"ಹೆಸರು ಬದಲಾಯ್ಸೋವರೆಗೂ." ಗಿಟೆಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು. "ಒಂದೇ ಮನೇಲಿ ಬದುಕಿರೋ ಇಬ್ಬರಿಗೆ ಒಂದೇ ಹೆಸರಿದ್ರೆ, ಕರ್ಕೊಂಡು ಹೋಗೋಕೆ ಬರೋನಿಗೆ ಹೇಗೋ ಗೊತ್ತಾಗಬೇಕು ಯಾರು ಅಂತ? ಅವಳಿಗೆ ಬಂದದ್ದು ಇವಳಿಗೆ ತಾಕಿದ್ರೆ? ಇವಳಿಗೆ ಬಂದದ್ದು ಅವಳಿಗೆ ತಾಕಿದ್ರೆ?"

"ಅಮ್ಮಾ, ಸಾಕು."

"ನಿಂಗೇನು ಕಷ್ಟ? ದ್ವೋಯ್ರೆ ಅಂತಿಡು."

ಹೆರ್ಶೆಲ್‌ನ ದನಿ ಏರಿತು. "ಕಷ್ಟ ಏನು ಅಂತ ಕೇಳ್ತೀಯಾ? ಹುಟ್ಟಿದಾಗಿಂದ ನಾನು ಅವಳ ತಮ್ಮ. ಅಷ್ಟೇ. ಶಾಲೆಯಲ್ಲಿ ಬಹುಮಾನ ತಂದ್ರೆ, ಮಿರೆಲೆ ಬಂದಾಗ ತೋರ್ಸೋಣ ಅಂತಿದ್ದೆ ನೀನು. ನನ್ನ ಮದುವೇಲಿ ಎಲ್ರೂ ಕುಣೀತಿದ್ರೆ ನೀನು ಬಾಗಿಲು ನೋಡ್ತಿದ್ದೆ. ನನ್ನ ಮಗಳಿಗೆ ಆ ಹೆಸರಿಟ್ರೆ ಒಂದ್ಸಲನಾದ್ರೂ ನೀನು ಆ ಹೆಸರು ಕರೆದಾಗ ಈ ಮನೇಲಿ ಯಾರೋ ಓಗೊಡ್ತಾರೆ ಅಂತ ಇಟ್ಟೆ."

ಕೂಸು ಬೆಚ್ಚಿ ಅತ್ತಿತು. ಗಿಟೆಲ್ ಸಾರಿನ ಪಾತ್ರೆಯ ಮುಚ್ಚಳ ಸರಿಮಾಡಿ, "ಬಿಸಿ ಮಾಡ್ಕೊಂಡು ಕುಡಿಯಮ್ಮ, ಹಾಲು ಬರತ್ತೆ," ಎಂದು ಸೊಸೆಗೆ ಹೇಳಿ ಹೊರಟಳು.

ಬುಧವಾರ ಕೂಸಿಗೆ ಜ್ವರ ಬಂತು. ಬಿಸಿಲಿಗೆ ಮೈ ಕಾದಿದೆ ಎಂದು ಮೊದಲು ಒದ್ದೆ ಬಟ್ಟೆ ಹಾಕಿದರು. ಸಂಜೆಗೆ ಅದು ಹಾಲು ಕುಡಿಯುವುದನ್ನು ಬಿಟ್ಟಿತು, ಅಳುವುದನ್ನೂ ಬಿಟ್ಟಿತು. ಆಸ್ಪತ್ರೆಗೆ ಒಯ್ದರು. ಗುರುವಾರ ಮಧ್ಯಾಹ್ನ ಗಿಟೆಲ್ ಹೋದಾಗ ಅದನ್ನು ಗಾಜಿನ ಗೋಡೆಯ ಆಚೆ ಮಲಗಿಸಿದ್ದರು. ತಲೆಯ ಒಂದು ಪಕ್ಕ ಬೋಳಿಸಿ ಅಲ್ಲಿಂದಲೇ ಸೂಜಿ ಚುಚ್ಚಿದ್ದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ತೊಟ್ಟಿಲ ತಲೆಕಡೆ ನರ್ಸಮ್ಮ ಅಂಟಿಸಿದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿತ್ತು. ಗಿಟೆಲ್‌ಗೆ ಇಂಗ್ಲಿಷು ಅಷ್ಟಾಗಿ ಬಾರದು. ಆ ಹೆಸರನ್ನು ಮಾತ್ರ ದೂರದಿಂದಲೇ ಓದಿದಳು.

ಹೆರ್ಶೆಲ್ ಡಾಕ್ಟರ ಹಿಂದೆ ಹೋಗಿದ್ದ. ರೀವಾ ಬೆಂಚಿನಿಂದ ಎದ್ದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅವಳು ಕಾಲೇಜಿನಲ್ಲಿ ಓದಿದವಳು. ಕೆಂಪು ದಾರ ನೋಡಿದರೆ ತುಟಿಯಂಚಿನಲ್ಲಿ ನಗುವವಳು. ಎದೆಹಾಲು ಸೋರಿ ಅಂಗಿ ಎರಡೂ ಕಡೆ ಒದ್ದೆಯಾಗಿತ್ತು.

"ಅತ್ತೆ, ನಾನು ಇದನ್ನೆಲ್ಲ ನಂಬಲ್ಲ. ನಿಮಗೆ ಗೊತ್ತು."

"ಗೊತ್ತು ಕಣಮ್ಮ."

"ನೀವು ನಂಬ್ತೀರ. ಒಂದೇ ಮನೇಲಿ ಬದುಕಿರೋ ಇಬ್ಬರಿಗೆ ಒಂದು ಹೆಸರು ಇರಬಾರದು ಅಂದ್ರಿ." ರೀವಾ ಗಾಜಿನ ಕಡೆ ನೋಡಿದಳು. "ಒಂದ್ಸಲ ಹೇಳಿಬಿಡಿ ಅತ್ತೆ. ನಿಮ್ಮ ಮಗಳ ಹೆಸರಿಗೆ ಆ ಶಾಂತಿಯ ಮಾತು ಸೇರಿಸಿಬಿಡಿ. ಹೆಸರು ಇವಳೊಬ್ಬಳದೇ ಆಗ್ಲಿ."

ಗಿಟೆಲ್ ಬಾಯಿ ತೆರೆದಳು. ಮತ್ತೆ ತುಟಿ ಕೂಡಿಸಿ ಗಾಜಿನಾಚೆಯ ಚೀಟಿಯ ಕಡೆ ನೋಡಿದಳು. ರೀವಾ ಕೈ ಬಿಟ್ಟಳು. ಬಿಟ್ಟದ್ದೇ ಜೋರಾಗಿತ್ತು, ದೂಡಿದ ಹಾಗೆ. "ಕಾಣದೇ ಇರೋಳು ನಿಮಗೆ ಮಗಳು. ಇಲ್ಲಿ ಮಲಗಿರೋಳು ಯಾರು?" ಎಂದು ಕೇಳಿ ಬೆಂಚಿಗೆ ಹೋಗಿ ಕೂತಳು.

ಮಾರನೆಯ ಬೆಳಿಗ್ಗೆ ಗಿಟೆಲ್ ಆಸ್ಪತ್ರೆಗೆ ಹೋಗದೆ ಮೊದಲು ಧರ್ಮಗುರು ರಬ್ಬಿಯ ಮನೆಗೆ ನಡೆದಳು. ಶುಕ್ರವಾರವಾದ್ದರಿಂದ ಕಾರ್ಲೈಲ್ ರಸ್ತೆಯ ತುಂಬ ಹೆಂಗಸರು ಶನಿವಾರದ ಸಬ್ಬತ್ ವ್ರತಕ್ಕೆಂದು ಜಡೆಯಂತೆ ಹೆಣೆದ ಬ್ರೆಡ್ಡಿಗೆ ಸಾಲು ನಿಂತಿದ್ದರು. ಯಾರೋ "ಕೂಸು ಹೇಗಿದೆ?" ಎಂದು ಕೇಳಿದರು. ಅವಳು ನಿಲ್ಲಲಿಲ್ಲ.

ರಬ್ಬಿ ಯುದ್ಧ ಮುಗಿದ ಮೇಲೆ ಹುಟ್ಟಿದವರು, ಮೆತ್ತನೆಯ ಮನುಷ್ಯ. ಅವಳ ಮಾತನ್ನು ಪೂರಾ ಕೇಳಿದರು. ಗಡ್ಡ ಸವರಿಕೊಂಡರು.

"ಗಿಟೆಲಮ್ಮ, ನಿಮ್ಮ ಯಜಮಾನರ ಕಡೆ ಯಾರಿಗಾದ್ರೂ ಈ ಹೆಸರಿತ್ತಾ? ಅಜ್ಜಿ, ಸೋದರತ್ತೆ, ಯಾರಾದ್ರೂ? ಮಗುವಿಗೆ ಅವರ ಹೆಸರಿಟ್ಟಿದ್ದು ಅಂತ ಅಂದುಕೊಂಡ್ರೆ ಮುಗೀತು. ಯಾರಿಗೂ ತೊಂದರೆ ಇಲ್ಲ."

"ಇಲ್ಲ ಸ್ವಾಮಿ. ಝೆಲಿಗ್, ಓಲೆವ್ ಹಶೋಲೆಮ್, ಮದುವೆಗೆ ಮುಂಚೆ ತನ್ನೋರ ಹೆಸರು ಒಂದೊಂದೇ ನಂಗೆ ಹೇಳಿದ್ದ. ನಾನು ನನ್ನೋರದ್ದು ಹೇಳ್ದೆ. ನಿರಾಶ್ರಿತರ ಶಿಬಿರದಲ್ಲಿ ನಮ್ಮ ನಿಶ್ಚಿತಾರ್ಥ ಅಂದ್ರೆ ಅದೇ. ಅವನ ಕಡೆ ಮಿರೆಲೆ ಇರಲಿಲ್ಲ."

ರಬ್ಬಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಸತ್ತಿದ್ದಾಳೆ ಅಂತ ನಾನು ಹೇಳಲಾರೆ. ಬದುಕಿದ್ದಾಳೆ ಅಂತಲೂ ಹೇಳಲಾರೆ. ನೋಡಿದೋರು ಯಾರೂ ಇಲ್ಲ."

"ಸೂತಕ ಕೂರೋದು ಹೇಗೆ, ಅದು ಹೇಳಿ."

"ಸಾವಿನ ಸುದ್ದಿ ತಿಂಗಳು ಕಳೆದ ಮೇಲೆ ಬಂದ್ರೆ ಏಳು ದಿನದ ಸೂತಕ ಇಲ್ಲ. ಒಂದು ಗಂಟೆ ಕೂತರೆ ಸಾಕು. ಬೂಟು ಬಿಚ್ಚಿ, ತಗ್ಗಿನ ಪೀಠದಲ್ಲಿ."

"ಬಟ್ಟೆ ಹರ್ಕೋಬೇಕಾ?"

"ತಾಯಿ ತಂದೆ ಆದ್ರೆ ಮಾತ್ರ. ಮಕ್ಕಳಿಗೆ ಇಷ್ಟು ತಡವಾದ ಮೇಲೆ ಇಲ್ಲ."

"ಕನ್ನಡಿ ಮುಚ್ಚೋದು?"

"ಬೇಡ."

"ಒಂದೇ ಗಂಟೆ?"

"ಅಷ್ಟೇ ಇರೋದು, ಗಿಟೆಲಮ್ಮ." ಅವರು ತಲೆ ಎತ್ತಿ ಕೇಳಿದರು, "ನಿಮಗೆ ಸುದ್ದಿ ಬಂದಿದೆಯಾ?"

"ಇಲ್ಲ," ಎಂದಳು ಗಿಟೆಲ್. "ನಾನೇ ತರಬೇಕು."

ದಾರಿಯಲ್ಲಿ ಬ್ರೈನಾಳ ಬಾಗಿಲು ತಟ್ಟಿದಳು. ಹೆಸರಿಟ್ಟ ಆ ಶನಿವಾರದಿಂದ ಇಬ್ಬರಿಗೂ ಮಾತಿರಲಿಲ್ಲ. "ಬಾ," ಎಂದಷ್ಟೇ ಅಂದಳು. ಬ್ರೈನಾ ಏಪ್ರನ್ನಿನಲ್ಲೇ ಬಂದಳು. ಗಿಟೆಲ್‌ಳ ಅಡುಗೆಮನೆಯಲ್ಲಿ ತಗ್ಗಿನ ಪೀಠ ಯಾವುದೂ ಇರಲಿಲ್ಲ. ಹಣ್ಣಿನ ಅಂಗಡಿಯ ಮರದ ಪೆಟ್ಟಿಗೆಯೊಂದನ್ನು ಬ್ರೈನಾ ಹಿತ್ತಿಲಿಂದ ತಂದು, ಧೂಳು ಒರೆಸಿ, ಬೋರಲು ಹಾಕಿದಳು. ಗಿಟೆಲ್ ಬೂಟು ಬಿಚ್ಚಿ ಜೊತೆಯಾಗಿ ಗೋಡೆ ಪಕ್ಕ ಇಟ್ಟು, ಮೇಜು ಹಿಡಿದುಕೊಂಡು ನಿಧಾನವಾಗಿ ಕೂತಳು. ಮೊಣಕಾಲು ಎದೆಯವರೆಗೂ ಬಂತು.

"ಆ ಹೆಸರಿಡು ಅಂತ ನಾನು ಹೇಳಬಾರದಿತ್ತು ಅವನಿಗೆ," ಎಂದಳು ಬ್ರೈನಾ.

"ಸುಮ್ನಿರು."

ಫ್ರಿಜ್ಜು ಗುರ್ರೆಂದು ನಿಂತಿತು, ಮತ್ತೆ ಶುರುವಾಯಿತು. ಕಿಟಕಿಯ ಪರದೆ ಬಿಸಿಗಾಳಿಗೆ ಒಳಕ್ಕೆ ಉಬ್ಬಿ ಬಂದು ಬೀಳುತ್ತಿತ್ತು. ಗಿಟೆಲ್ ನೆಲವನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅಳು ಬರಲು ಮುಖವೊಂದು ಬೇಕಲ್ಲ. ಮೂರು ವರ್ಷದ ಮುಖಕ್ಕೆ ಅಳಬೇಕೋ, ಸೊಂಟ ದಪ್ಪಗಾದ ನಲವತ್ತು ಮೀರಿದ ಹೆಂಗಸಿಗೆ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಆ ಹೆಂಗಸಿನ ಮುಖವನ್ನು ಅವಳು ಇಷ್ಟು ವರ್ಷ ಟ್ರಾಮುಗಳಲ್ಲಿ, ಹಡಗುಕಟ್ಟೆಯಲ್ಲಿ, ಅಂಗಡಿಯ ಸಾಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಿಕೊಂಡಿದ್ದಳು, ಒಬ್ಬಳ ಹಣೆ, ಇನ್ನೊಬ್ಬಳ ನಗು. ಈಗ ಅವಳನ್ನು ಎಲ್ಲಿ ಮಣ್ಣು ಮಾಡುವುದು?

"ಬ್ರೈನಾ."

"ಹೂಂ."

"ಕರುವಿನ ಹಗ್ಗ ಹಿಡ್ಕೊಂಡಿದ್ದಳು. ತಿರುಗಿ ನೋಡ್ಲಿಲ್ಲ."

"ಹೇಳಿದ್ದೆ ನೀನು."

"ಒಳ್ಳೇದಾಯ್ತು ನೋಡ್ಲಿಲ್ಲ ಅಂತ ಆಗ ಅಂದ್ಕೊಂಡೆ."

ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಆಮೇಲೆ ಗಿಟೆಲ್, ಪಕ್ಕದಲ್ಲಿ ಮಲಗಿದವರು ಏಳಬಾರದೆಂಬಷ್ಟು ಮೆಲ್ಲಗೆ, "ಮಿರೆಲೆ," ಎಂದಳು. ತುಟಿ ಒದ್ದೆ ಮಾಡಿಕೊಂಡಳು. "ಮಿರೆಲೆ, ಓಲೆಹಾ ಹಶೋಲೆಮ್."

ಬ್ರೈನಾ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಕಾರು ನಿಂತ ಸದ್ದಾಯಿತು. ಹಿತ್ತಿಲ ಬಾಗಿಲು ದೂಡಿಕೊಂಡು ಹೆರ್ಶೆಲ್ ಬಂದ. ಅಂಗಿ ಮುದುಡಿತ್ತು, ಗಡ್ಡ ಬೆಳೆದಿತ್ತು, ಮುಖದಲ್ಲಿ ನಗುವಿತ್ತು.

"ಅಮ್ಮಾ! ಎಲ್ಲಿ ಹೋಗಿದ್ದೆ? ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದೀನಿ, ಯಾರೂ ಎತ್ತಲ್ಲ. ಜ್ವರ ಇಳೀತಮ್ಮ! ಹಾಲು ಕುಡಿದಳು. ನರ್ಸಮ್ಮನ ಬೆರಳು ಹಿಡ್ಕೊಂಡು ಬಿಡ್ತಾನೇ ಇಲ್ಲ." ಆಗ ಅವನಿಗೆ ಪೆಟ್ಟಿಗೆ ಕಂಡಿತು, ಬರಿಗಾಲು ಕಂಡಿತು.

"ಕೇಳಿದ್ಯಾ ಗಿಟೆಲ್?" ಬ್ರೈನಾ ಎದ್ದು ನಿಂತಳು. "ನೀನು ಕೂತಿದ್ದಕ್ಕೇ ಕಣೇ. ನಿನ್ನ ಬಾಯಿಂದ ಬಂತು ನೋಡು, ಅಲ್ಲಿ ಇಳೀತು."

"ಯಾವಾಗ ಇಳೀತು?" ಎಂದಳು ಗಿಟೆಲ್.

ಹೆರ್ಶೆಲ್ ಬ್ರೈನಾಳ ಮುಖ ನೋಡಿದ, ಅಮ್ಮನ ಮುಖ ನೋಡಿದ. ಸುಳ್ಳು ಹೇಳಲು ಅವನಿಗೆ ಹೊಳೆಯಲಿಲ್ಲ. "ಬೆಳಕು ಹರಿಯೋ ಹೊತ್ತಿಗೇ ಇಳಿದಿತ್ತಮ್ಮ," ಎಂದ.

ಬೀದಿಯಲ್ಲಿ ಟ್ರಾಮೊಂದು ಗಂಟೆ ಬಾರಿಸಿಕೊಂಡು ಹೋಯಿತು.

"ಹೊತ್ತಾಯ್ತು, ಏಳು ಗಿಟೆಲ್," ಎಂದು ಬ್ರೈನಾ ಕೊನೆಗೆ ಗಡಿಯಾರ ನೋಡಿ ಹೇಳಿದಳು. "ಇನ್ನೂ ಕೂತರೆ ತಪ್ಪಾಗತ್ತೆ."

ಗಿಟೆಲ್ ಏಳಲಿಲ್ಲ. ಹೆರ್ಶೆಲ್ ಗೋಡೆ ಪಕ್ಕದಿಂದ ಬೂಟು ತಂದು ಅಮ್ಮನ ಮುಂದೆ ಮಂಡಿಯೂರಿದ. ಒಂದು ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಸೆಕೆಗೆ ಪಾದ ಊದಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೂಟಿನ ಲಾಡಿ ಸಡಿಲಿಸಿ ಹಾಕಿ ನೋಡಿದ. ಪೂರ್ತಿ ಬಿಚ್ಚಿ, ಬೂಟಿನ ನಾಲಿಗೆ ಹೊರಗೆಳೆದು, ಹಿಮ್ಮಡಿಗೆ ಬೆರಳು ಕೊಟ್ಟು ಮತ್ತೆ ಹಾಕಿ ನೋಡಿದ. ಹತ್ತಲಿಲ್ಲ. ಬೂಟನ್ನು ಪಕ್ಕಕ್ಕಿಟ್ಟು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಹಾಗೇ ಕೂತ.